ಬಡಗು ಮಗ್ಗುಲಿನ ಸುಣ್ಣ

ಸ್ತೂಪದ ತೆಂಕು ಮಗ್ಗುಲಿನಲ್ಲಿ ಪೇಂಟು ಬೊಬ್ಬೆ ಎದ್ದಿತ್ತು. ರಸಾಯನಶಾಸ್ತ್ರ ಓದಿ, ಹಳೆಯ ಕಟ್ಟಡಗಳ ಪರೀಕ್ಷೆಯನ್ನೇ ಕಸುಬು ಮಾಡಿಕೊಂಡಿದ್ದ ಅವಳು ಒಂದು ಬೊಬ್ಬೆಗೆ ಚಾಕುವಿನ ಮೊನೆ ತಾಗಿಸಿದ್ದೇ ತಡ, ಹಳದಿ ನೀರು ಅವಳ ಮೊಣಕೈವರೆಗೂ ಇಳಿಯಿತು. ಸತ್ತ ಇಲಿಯ ನಾತ. ಅವಳು ಇನ್ನೊಂದು ಕೈಯಿಂದ ಮೂಗು ಮುಚ್ಚಿಕೊಂಡಳು.

"ಮಳೆ ನೀರು ಕಣೇ, ಅಷ್ಟಕ್ಕೇ ಮೂಗು ಮುಚ್ಕೋತೀಯಲ್ಲ!" ಎಂದರು ಚಿಕ್ಕಪ್ಪ. ಅವರು ಸ್ತೂಪದ ಸಮಿತಿಯ ಕಾರ್ಯದರ್ಶಿ. ಹೊಳೆಯುವ ಪ್ಲಾಸ್ಟಿಕ್ ಪೇಂಟು ಅವರದೇ ತೀರ್ಮಾನ. "ಹಳೇ ಸುಣ್ಣ ಕೆರೆದು ಪೇಂಟು ಹೊಡೆಯೋಕೆ ಬಡಗು ಮಗ್ಗುಲೊಂದು ಬಾಕಿ. ತಜ್ಞರ ರುಜು ಇಲ್ದೆ ಇನ್ನು ಮುಟ್ಟಂಗಿಲ್ವಂತೆ. 'ಕೆರೆಯಬಹುದು' ಅಂತ ಬರೆದುಕೊಟ್ಬಿಡು, ನಾಳೆನೇ ಮುಗಿಸ್ತೀವಿ."

ಒಳಗೆ ಯಾರ ಅಸ್ಥಿಯಿದೆ, ಯಾರು ಕಟ್ಟಿಸಿದರು ಎಂದು ಹೇಳುವ ಶಾಸನ ಆ ಸ್ತೂಪಕ್ಕಿರಲಿಲ್ಲ. ಇದ್ದದ್ದು ಒಂದು ಪದ್ಧತಿ. ಬಂದ ಯಾತ್ರಿಕ ಕುಂಚವನ್ನು ಸುಣ್ಣದಲ್ಲಿ ಅದ್ದಿ, ಗೋಡೆಗೆ ಒಮ್ಮೆ ಎಳೆದು, ಕೈಮುಗಿದು ಹೋಗಬೇಕು. ಅರಸನಿಗೂ ಒಂದೇ ಎಳೆತ, ಕಸ ಗುಡಿಸುವವನಿಗೂ ಒಂದೇ. ವರ್ಷ ಕಳೆಯುವಷ್ಟರಲ್ಲಿ ಒಂದು ಪದರ ಕೂಡುತ್ತಿತ್ತು.

ಅವಳು ಬಡಗಿನಿಂದ ಬೆರಳುದ್ದದ ತುಂಡು ಕೊರೆದು ತೆಗೆದು, ಸಮಿತಿಯ ಕೋಣೆಯ ಕಿಟಕಿಯ ಬಳಿ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಬಿಳಿ, ದೂಳಿನ ಕಂದು ಗೆರೆ, ಮತ್ತೆ ಬಿಳಿ. ಮೂರು ಸಲ ಎಣಿಸಿದಳು: ಆರುನೂರ ಹದಿನೇಳು ಪದರ. ಒಂದೆಡೆ ಮಾತ್ರ ದಪ್ಪ ಮಸಿ. ಊರು ಸುಟ್ಟಿರಬೇಕು. ಅದರ ಮೇಲಿನ ಪದರದಲ್ಲಿ ಸುಣ್ಣಕ್ಕಿಂತ ಮಣ್ಣೇ ಹೆಚ್ಚು. ಸುಣ್ಣ ಸಿಗದ ವರ್ಷದಲ್ಲೂ ಜನ ಬಂದಿದ್ದರು, ಸಿಕ್ಕಿದ್ದನ್ನು ಬಳಿದಿದ್ದರು.

ತೆಂಕಿನಿಂದ ಕೆರೆದದ್ದು ಎಲ್ಲಿದೆ ಎಂದು ಕೇಳಿದಾಗ, ನಲವತ್ತು ವರ್ಷದಿಂದ ಅಲ್ಲಿ ಸುಣ್ಣ ಕಲಸುತ್ತಿದ್ದ ಸುಣ್ಣದಜ್ಜ ಅವಳನ್ನು ಶೌಚಾಲಯದ ಹಿಂದಕ್ಕೆ ಕರೆದೊಯ್ದ. ಮಲದ ನೀರು ಹರಿಯುವ ಗುಂಡಿಗೆ ಬಿಳಿ ಚಕ್ಕೆಗಳನ್ನು ಸುರಿದಿದ್ದರು. ಮೇಲೆ ಎಂಜಲು ತಟ್ಟೆ, ಕೂದಲುಂಡೆ, ಗುಂಯ್ಗುಡುವ ನೊಣ.

"ನೊಣಗಳಿಗಾದ್ರೂ ನಿರ್ವಾಣ ಸಿಗ್ಲಿ ಅಂತ," ಎಂದ ಅಜ್ಜ.

ಅವಳಿಗೆ ನಗು ಬರಲಿಲ್ಲ. "ಇದನ್ನೆಲ್ಲ ನೋಡ್ಕೊಂಡು ನೀನ್ಯಾಕಜ್ಜ ಸುಮ್ಮನಿದ್ದೆ?"

"ಸುಮ್ಮನೆಲ್ಲಿದ್ದೆ ಮಗಾ? ಕೆರೆದವನೇ ನಾನು. ಸಮಿತಿಯೋರು ಕೊಳೆ ಅಂದ್ರು, ನಾನೂ ಹೂಂ ಅಂದೆ."

ಗುಂಡಿಗಿಂತ ಆ 'ಹೂಂ' ಅವಳಿಗೆ ಹೇಸಿಗೆ ಹುಟ್ಟಿಸಿತು.

ಕೋಣೆಗೆ ಮರಳಿದವಳೇ ನಿಂತಲ್ಲೇ ಬರೆದಳು: "ಬಡಗು ಮಗ್ಗುಲನ್ನು ಕೆರೆಯಕೂಡದು. ತೆಂಕಿನ ಪೇಂಟನ್ನು ತೆಗೆಯದಿದ್ದರೆ ನೀರು ಆರದೆ ಒಳಗಿನ ಇಟ್ಟಿಗೆ ಕೊಳೆಯುತ್ತದೆ." ರುಜು ಹಾಕಿದಳು.

ಚಿಕ್ಕಪ್ಪ ಓದಿ ಕೆಂಡವಾದರು. "ಮನೆ ಹುಡುಗಿ ಅಂತ ಕರೆಸಿದ್ದಕ್ಕೆ ಒಳ್ಳೇ ಗತಿ ಕಾಣಿಸ್ದೆ! ಉದ್ಘಾಟನೆಗೆ ದೊಡ್ಡ ದೊಡ್ಡೋರನ್ನ ಕರ್ದಿದೀನಿ. ಅವರಿಗೆ ಏನು ತೋರಿಸ್ಲಿ?"

"ಬಡಗು ಮಗ್ಗುಲು ತೋರ್ಸಿ. ಆಳಿಗೊಂದು ಎಳೆತ ಸುಣ್ಣ ಬಳೀಲಿ."

"ಥೂ, ಬಟ್ಟೆಯೆಲ್ಲ ಸುಣ್ಣ ಆಗುತ್ತಲ್ಲೇ!"

ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಅಜ್ಜ ಹೋಗಿ, ಕೆರೆಯಲೆಂದು ಬಡಗು ಮಗ್ಗುಲಿಗೆ ಒರಗಿಸಿಟ್ಟಿದ್ದ ಏಣಿಯನ್ನು ಇಳಿಸಿದ.