ಕಡಲಲ್ಲಿ ಹೊತ್ತ ಹರಕೆ

"ನೀರು ಅಂದ್ರೆ ಅಂತಿಂಥ ನೀರಲ್ಲ ಕಣೆ ನಿಂಗಕ್ಕ. ನಮ್ಮ ಕೆರೆ ಕೋಡಿ ಬಿದ್ದಿದ್ದು ನೋಡಿದ್ದೀಯಲ್ಲ, ಅಂಥವು ನೂರು ಕೆರೆ ಒಟ್ಟಿಗೆ ಎದ್ದು ಮೈಮ್ಯಾಲೆ ಬಂದಂಗೆ!"

ಪಾಲಮ್ಮ ಎರಡೂ ಕೈ ಎತ್ತಿ ಅಲೆಯ ಎತ್ತರ ತೋರಿಸಿದಳು. ಮಡಿಲಲ್ಲಿದ್ದ ಶೇಂಗಾಕಾಯಿ ಜಗಲಿ ತುಂಬ ಚೆಲ್ಲಿದವು. ಪಕ್ಕದ ಮನೆಯ ನಿಂಗಕ್ಕ ಸುಲಿಯುವುದನ್ನೇ ಮರೆತು ಕುಳಿತಿದ್ದಳು.

"ಆಮೇಲೆ?"

"ಆಮೇಲೇನು, ದೋಣಿ ಮಗುಚ್ಕಂತು. ನಾನು ಒಳಕ್ಕೆ ಹೋದೆ. ಕಣ್ಣು ಬಿಟ್ರೆ ಬರೀ ಹಸಿರು. ಅಷ್ಟೊತ್ತಿಗೆ ಯಾರೋ ಕೈ ಹಿಡಿದು ಎಳೆದ್ರು ನೋಡು, ಇವಳೇ, ನನ್ ಮಗಳು. ಇವಳಿಲ್ದಿದ್ರೆ ಇವತ್ತು ನೀನು ನನ್ನ ತಿಥಿ ಊಟ ಉಣ್ತಿದ್ದೆ."

"ನಿನ್ನ ಗಂಡ ಬಲೇ ಊಟ ಹಾಕಿಸ್ತಿದ್ದ ಬಿಡು! ಚಿತ್ರಾನ್ನದಾಗೇ ಮುಗಿಸ್ತಿದ್ದ."

ಇಬ್ಬರೂ ನಕ್ಕರು. ದಿವ್ಯಶ್ರೀ ಮಾತ್ರ ನಗಲಿಲ್ಲ. ಚೆಲ್ಲಿದ ಕಾಯಿ ಆರಿಸುವ ನೆಪದಲ್ಲಿ ತಲೆ ತಗ್ಗಿಸಿದಳು. ಕಡಲಿನಿಂದ ವಾಪಸಾದ ಮೇಲೆ ಅವ್ವ ಈ ಕಥೆಯನ್ನು ಬಿ.ಜಿ. ಕೆರೆಯಲ್ಲಿ ಯಾರಿಗೆಲ್ಲ ಹೇಳಿದ್ದಳೋ. ಹೇಳಿದಷ್ಟೂ ಅಲೆ ಎತ್ತರವಾಗುತ್ತಿತ್ತು, ಮಗಳು ದೊಡ್ಡವಳಾಗುತ್ತಿದ್ದಳು.

ಅವ್ವನಿಗೆ ಅರವತ್ತು ತುಂಬಿತೆಂದು ಕಂಡುಹಿಡಿದವಳೂ ದಿವ್ಯಶ್ರೀಯೇ, ಕಡಲಿಗೆ ಹೋಗೋಣ ಎಂದವಳೂ ಅವಳೇ. ಚಿಕ್ಕವಳಿದ್ದಾಗ ಅಜ್ಜಿ ಮೂಗಮ್ಮ ಏಳು ಸಮುದ್ರದಾಚೆಯ ಕಥೆ ಹೇಳುವಾಗ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದುದು ಅವಳಿಗೆ ನೆನಪಿತ್ತು. ಶೇಂಗಾ ಹೊಲ ಮುಗಿದು ಗುಡ್ಡ ಶುರುವಾಗುವಲ್ಲಿ, ಅದರ ಬೆನ್ನಿಗೇ ಸಮುದ್ರ ಇದೆ ಎಂದು ನಂಬಿ ಬೆಳೆದ ಹುಡುಗಿ ಅವಳು. ಈಗ ಚಳ್ಳಕೆರೆಯ ಎಣ್ಣೆ ಮಿಲ್ಲಿನ ಆಫೀಸಿನಲ್ಲಿ ಕೂತರೂ ಅರ್ಧ ಮನಸ್ಸು ಆ ಗುಡ್ಡದಾಚೆಗೇ ಇರುತ್ತಿತ್ತು. ಅಪ್ಪ ಸೂರಪ್ಪ, ಮುರುಡೇಶ್ವರದಲ್ಲಿ ಶಿವನ ದರ್ಶನವಾಗುತ್ತದೆ ಎಂಬ ಕಾರಣಕ್ಕಷ್ಟೇ ಒಪ್ಪಿದ್ದ. ದಂಡೆಗೆ ಬಂದವನು ಪಾದ ನೆನೆಯುವಷ್ಟು ದೂರವೂ ಇಳಿಯಲಿಲ್ಲ. "ಚಪ್ಲಿ ಯಾರು ಕಾಯ್ತಾರೆ? ನೀವು ಹೋಗ್ರಿ" ಎಂದು ಮರಳಲ್ಲಿ ಕೂತುಬಿಟ್ಟ.

ಅವ್ವ ಹಿಂಜರಿಯಲಿಲ್ಲ. ಸೀರೆಯಲ್ಲಿ ದೋಣಿ ಹತ್ತುವಂತಿಲ್ಲ ಎಂದಾಗ ಜನ್ಮದಲ್ಲಿ ಮೊದಲ ಸಲ ಮಗಳ ಚೂಡಿದಾರ ತೊಟ್ಟು, "ಹೈಸ್ಕೂಲು ಹುಡುಗಿ ಕಂಡಂಗೆ ಕಾಣ್ತೀನೇನೇ?" ಎಂದು ನಾಚಿಕೊಂಡಳು. ಬಾಳೆಹಣ್ಣಿನ ಹಾಗಿದ್ದ, ಗಾಳಿ ತುಂಬಿದ ಉದ್ದನೆಯ ಹಳದಿ ದೋಣಿ ಅದು. ಮುಂದೆ ಮೋಟಾರು ದೋಣಿಯೊಂದು ಅದನ್ನು ಎಳೆಯುತ್ತದೆ. ಹೊರಡುವ ಮುಂಚೆ ದೋಣಿಯವನು ದಿವ್ಯಶ್ರೀಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದ್ದ.

"ನಡುವೆ ಹೋದ್ಮೇಲೆ ಬೀಳಿಸ್ಲಾ ಅಕ್ಕಾ? ಲೈಫ್ ಜಾಕೆಟ್ ಉಂಟಲ್ಲ, ಎಂತ ಆಗುದಿಲ್ಲ. ಎಲ್ಲರೂ ಕೇಳ್ತಾರೆ. ಅಮ್ಮನಿಗೆ ಮೊದಲೇ ಹೇಳಿದ್ರೆ ಮಜಾ ಇಲ್ಲ."

ಅವಳು ಹೂಂ ಎಂದು ತಲೆಯಾಡಿಸಿದ್ದಳು. ಅವ್ವ ನೀರಿನಿಂದ ನಗುತ್ತಾ ಏಳುವಳು, ಅಜ್ಜಿಯ ಕಥೆಯಲ್ಲಿ ಮುತ್ತು ಹಿಡಿದು ಮೇಲೆ ಬರುವವಳ ಹಾಗೆ. ಆ ಚಿತ್ರವಷ್ಟೇ ಕಣ್ಣ ಮುಂದಿತ್ತು.

ಅವ್ವ ನಗುತ್ತಾ ಏಳಲಿಲ್ಲ. ಉಪ್ಪುನೀರು ಕಕ್ಕುತ್ತಾ, ಏನನ್ನೋ ಹುಡುಕುವವಳಂತೆ ಕಣ್ಣರಳಿಸುತ್ತಾ ಎದ್ದಳು. ದಿವ್ಯಶ್ರೀ ಕೈ ಚಾಚಿದ್ದೇ ತಡ, ಬಳೆ ಒತ್ತಿ ಗುರುತಾಗುವಷ್ಟು ಬಿಗಿಯಾಗಿ ಹಿಡಿದಳು. ದಂಡೆಯಲ್ಲಿ ಅಪ್ಪ ದೋಣಿಯವನ ಮೇಲೆ ಎಗರಿಬಿದ್ದ. "ದೋಣಿ ಓಡ್ಸಾಕೆ ಬರಲ್ವೇನ್ಲೇ? ಮನುಷ್ಯರ ಜೀವ ಅಂದ್ರೆ ಆಟ ಏನ್ಲೇ?" ದೋಣಿಯವನು ದಿವ್ಯಶ್ರೀಯ ಮುಖ ನೋಡಿದ. ಅವಳು ಮರಳನ್ನು ನೋಡಿದಳು. ಅವ್ವನೇ ನಡುವೆ ಬಂದಳು: "ಬಿಡ್ರಿ ಅತ್ಲಾಗೆ, ಪಾಪ. ಅವನೇನು ಬೇಕಂತ ಮಾಡಿದ್ನಾ?"

ಅಂದೇ ಹೇಳಬಹುದಿತ್ತು. ಬಸ್ಸಿನಲ್ಲಿ ಹೇಳಬಹುದಿತ್ತು.

"ಹರಕೆ ಹೊತ್ಕಂಡೀನಿ ಕಣೆ," ಎಂದಳು ಜಗಲಿಯಲ್ಲಿ ಪಾಲಮ್ಮ ನಿಂಗಕ್ಕನಿಗೆ. "ಬರೋ ಮಂಗಳವಾರ ಗೌರಸಮುದ್ರಕ್ಕೆ ಬರಿಗಾಲಲ್ಲಿ ನಡ್ಕಂಡು ಹೋಗಿ ಮಾರಮ್ಮಗೆ ಮಡ್ಲಕ್ಕಿ ತುಂಬ್ತೀನಿ."

"ಈ ಮಂಡಿ ಇಟ್ಕಂಡಾ? ಬಚ್ಚಲಿಗೆ ಹೋಗಾಕೆ ಗ್ವಾಡೆ ಹಿಡ್ಕಂತೀಯ!"

ದಿವ್ಯಶ್ರೀಯ ಕೈಯಲ್ಲಿದ್ದ ಕಾಯಿ ಅಲ್ಲೇ ಉಳಿಯಿತು.

ಮಂಗಳವಾರ ನಸುಕಿನಲ್ಲೇ ಹೊರಟರು. ತಾನೂ ಬರಿಗಾಲಲ್ಲಿ ಬರುತ್ತೇನೆಂದರೆ ಅವ್ವ ಬಿಡಲಿಲ್ಲ. "ಹರಕೆ ನಂದು. ನೀನು ಚಪ್ಲಿ ಹಾಕ್ಕ." ಹೊಲದ ನಡುವಿನ ದಾರಿಯಲ್ಲಿ ಅವ್ವ ಮಡ್ಲಕ್ಕಿಯ ಗಂಟು ಸೊಂಟಕ್ಕಿಟ್ಟುಕೊಂಡು ಮುಂದೆ, ಮಗಳು ಹಿಂದೆ. ಏರು ಬಂದಲ್ಲೆಲ್ಲ ಅವ್ವ ನಿಂತು ಮಂಡಿ ಹಿಡಿದುಕೊಂಡು, "ಅಮ್ಮಾ ತಾಯೇ" ಎಂದು ಉಸಿರು ಬಿಡುತ್ತಿದ್ದಳು. ಅದರ ಹಿಂದೆ ದಿವ್ಯಶ್ರೀಯ ಚಪ್ಪಲಿ ಚಟಚಟ ಎನ್ನುತ್ತಿದ್ದವು. ಬಿಸಿಲೇರಿತು. ಅವ್ವನ ಹಿಮ್ಮಡಿ ಕಲ್ಲಿಗೆ ತರಚಿ ಕೆಂಪಾಗಿದ್ದು ಕಂಡಾಗ ಅವಳಿಗೆ ಮುಂದಿನ ಹೆಜ್ಜೆ ಇಡಲಾಗಲಿಲ್ಲ.

"ಅವ್ವ, ಸಾಕು ನಿಲ್ಲು. ಆಟೋ ಕರೀತೀನಿ."

"ಯಾಕೆ? ಸುಸ್ತಾತಾ?"

"ದೋಣಿ ತಾನಾಗಿ ಮಗುಚ್ಲಿಲ್ಲ ಅವ್ವ. ಬೇಕಂತಾನೇ ಬೀಳ್ಸಿದ್ದು, ತಮಾಷೆಗೆ. ಅವನು ನನ್ನ ಕೇಳ್ದ. ನಾನೇ ಹೂಂ ಅಂದೆ. ನಿನ್ ಜೀವಕ್ಕೇನೂ ಆಗ್ತಿರ್ಲಿಲ್ಲ. ಇದು ಹರಕೆನೇ ಅಲ್ಲ."

ಪಾಲಮ್ಮ ತಿರುಗಿ ನಿಂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಒರೆಸಿಕೊಳ್ಳುತ್ತಲೇ ಇದ್ದಳು.

"ನಿಮ್ಮಪ್ಪ ಅವನಿಗೆ ಅಷ್ಟು ಬೈತಿದ್ರಲ್ಲ. ನೀನು ಅಲ್ಲೇ ನಿಂತಿದ್ದೆ."

"ಹೂಂ."

"ನಾನು ಊರೆಲ್ಲಾ ನಿನ್ನ ಹೊಗಳ್ಕಂಡು ಬಂದೆ. ಅವಾಗ್ಲೂ ಅಲ್ಲೇ ಕುಂತಿದ್ದೆ."

ದಿವ್ಯಶ್ರೀ ಫೋನು ಹೊರತೆಗೆದಳು. "ಆಟೋ ಕರೀಲಾ ಅವ್ವ?" ಎಂದಳು.

"ಕರೆದು? ಮಾರಮ್ಮಗೆ ಏನಂತ ಹೇಳ್ಲಿ? ನನ್ ಮಗಳು ಆಟ ಆಡಿದ್ಲಂತೆ ಕಣವ್ವ, ಕೊಟ್ಟ ಮಾತು ವಾಪಸ್ ಕೊಡು ಅಂತಾನಾ?" ಗಂಟನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು. ದನಿ ಇಳಿಯಿತು. "ಒಳಕ್ಕೆ ಹೋದಾಗ ನಂಗೆ ನನ್ನ ಚಿಂತೆ ಇರ್ಲಿಲ್ಲ ಕಣೆ. ಕಣ್ಣು ಬಿಟ್ಟೆ, ನೀನು ಕಾಣ್ಲಿಲ್ಲ. ನನ್ ಮಗಳ್ನ ಮ್ಯಾಲಕ್ಕೆ ತಾರವ್ವ, ನಡ್ಕಂಡು ಬರ್ತೀನಿ ಅಂದೆ. ತಂದ್ಲು. ಅಷ್ಟೇ."

ಅಷ್ಟು ಹೇಳಿ ಹೊರಟುಬಿಟ್ಟಳು. ದಿವ್ಯಶ್ರೀ ನಾಲ್ಕು ಮಾರು ಹಿಂದೆ ನಡೆದಳು. ಜೊತೆ ಸೇರುವ ಧೈರ್ಯವಾಗಲಿಲ್ಲ. ದಾರಿಯ ಎರಡೂ ಕಡೆ ಜಾಲಿಗಿಡ, ಅವುಗಳ ಆಚೆ ಕುರಿ ಕಾಯುವವರ ಕೂಗು. ಅವ್ವನ ಬೆನ್ನು ಒಂದು ಸಲವೂ ತಿರುಗಲಿಲ್ಲ.

ಮೋರಿಯ ಹತ್ತಿರ ಬಂದಾಗ ಪಾಲಮ್ಮ ತಟ್ಟನೆ ಒಂದು ಕಾಲೆತ್ತಿ ನಿಂತಳು. ಕುಂಟುತ್ತಾ ಹೋಗಿ ಕಟ್ಟೆಯ ಮೇಲೆ ಕುಳಿತು, ಅಂಗಾಲು ತಿರುಗಿಸಿ ನೋಡಿದಳು. ಜಾಲಿಮುಳ್ಳು ಒಳಗೇ ಮುರಿದಿತ್ತು. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ, ಮಗಳ ಮುಖ ನೋಡದೆ ಪಕ್ಕಕ್ಕೆ ಚಾಚಿದಳು.

ದಿವ್ಯಶ್ರೀ ಮಣ್ಣಿನಲ್ಲೇ ಮಂಡಿಯೂರಿದಳು. ಬಿರಿದ ಹಿಮ್ಮಡಿಯನ್ನು ತೊಡೆಯ ಮೇಲಿಟ್ಟುಕೊಂಡು ಧೂಳು ಒರೆಸಿದಳು. ಪಿನ್ನಿನ ಮೊನೆ ಒಳಗೆ ತಾಕಿದಾಗ ಅವ್ವನ ಬೆರಳುಗಳು ಒಮ್ಮೆ ಮಡಚಿಕೊಂಡವು. ಕಾಲನ್ನು ಮಾತ್ರ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.