ಮೂಗಣ್ಣ ‘ಇಳಿ’ ಎಂದರೆ

ಮ್ಯಾನ್‌ಹೋಲಿನ ಮುಚ್ಚಳ ತೆಗೆದಾಗ ಬೀದಿಯವರೆಲ್ಲ ಮೂಗು ಮುಚ್ಚಿಕೊಳ್ಳುತ್ತಿದ್ದರು. ಅವನೊಬ್ಬ ಮಾತ್ರ ಮಂಡಿಯೂರಿ ಬಗ್ಗಿ, ಒಲೆಯ ಮೇಲಿನ ಪಾತ್ರೆಯ ಹದ ನೋಡುವವರ ಹಾಗೆ ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುತ್ತಿದ್ದ. ಒಳಚರಂಡಿ ಕೆಲಸಕ್ಕೆ ಸೇರಿ ಅವನಿಗೆ ಇಪ್ಪತ್ತೇಳು ವರ್ಷ. ಜೊತೆಯವರು ಅವನನ್ನು ಮೂಗಣ್ಣ ಎನ್ನುತ್ತಿದ್ದರು. ಸಂಬಳದ ಚೀಟಿಯಲ್ಲಿ ಬೇರೆ ಹೆಸರಿತ್ತು. ಆ ಹೆಸರು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ.

ಅವತ್ತು ಬೆಳಿಗ್ಗೆ ಹೊಲಿಗೆ ಅಂಗಡಿಯ ಬೀದಿಯಲ್ಲಿ ಚರಂಡಿ ಕಟ್ಟಿಕೊಂಡಿತ್ತು. ಹಾರೆಯಿಂದ ಮುಚ್ಚಳ ಎಬ್ಬಿಸಿ ಪಕ್ಕಕ್ಕೆ ಉರುಳಿಸಿದ್ದರು. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಭಾಮೈದ ಕಾಯುತ್ತಿದ್ದ. ಅವನು ಮೂಗಣ್ಣನ ಹೆಂಡತಿಗೆ ಇದ್ದ ಒಬ್ಬನೇ ತಮ್ಮ. ಕೆಲಸಕ್ಕೆ ಸೇರಿಸಿದ್ದೂ ಮೂಗಣ್ಣನೇ. ಮಂಡಿನೋವು ಶುರುವಾದ ಮೇಲೆ ಮೂಗಣ್ಣ ಇಳಿಯುವುದನ್ನು ಬಿಟ್ಟಿದ್ದ. ಮೇಲೇ ಇದ್ದು ಮೂಸಿ ಹೇಳುವುದಷ್ಟೇ ಅವನ ಪಾಲಿಗೆ ಉಳಿದಿತ್ತು.

“ಭಾವ, ಹೇಗಿದೆ ಅತ್ತರು?” ಭಾಮೈದ ಕೇಳಿದ.

“ಕೊಳೆತ ಮೊಟ್ಟೆ. ಇನ್ನೂ ಇದೆ, ತಡಿ.”

ಹೊಲಿಗೆ ಅಂಗಡಿಯಾಕೆ ಸೀರೆಯ ಸೆರಗನ್ನು ಮುಖಕ್ಕೊತ್ತಿಕೊಂಡೇ ಹೊರಗೆ ಬಂದಳು. “ಇನ್ನೂ ಎಷ್ಟು ಹೊತ್ತು ಮೂಸ್ತಾ ಕೂತಿರ್ತೀರಿ? ನೀರು ಮಿಷಿನ್ ಕೆಳಗೆ ಬಂದಾಯ್ತು. ಗಿರಾಕಿ ಬಟ್ಟೆಗೆಲ್ಲ ನಾತ ಹಿಡಿದ್ರೆ ನಾನೇನು ಹೇಳಲಿ?”

“ತಾಳಿದವನು ಬಾಳಿಯಾನು ತಾಯಿ,” ಎಂದ ಮೂಗಣ್ಣ.

ಈ ಕೆಲಸದ ಬಗ್ಗೆ ಅವನಿಗೆ ನಾಚಿಕೆ ಎಂಬುದು ಇರಲಿಲ್ಲ. ಏನು ಕೆಲಸ ಎಂದು ಯಾರಾದರೂ ಕೇಳಿದರೆ, “ನೀವು ತಿಂದು ಮರೆತದ್ದನ್ನ ನಾವು ನೆನಪಿಟ್ಕೊಂಡು ಊರಾಚೆ ದಾಟಿಸ್ತೀವಿ,” ಎನ್ನುತ್ತಿದ್ದ. ಕೈ ಕೆಸರಾದರೆ ಬಾಯಿ ಮೊಸರು ಎಂದವನು ನಮ್ಮ ಕೆಸರು ಕಂಡಿರಲಿಲ್ಲ ಬಿಡಿ, ಎಂದು ತಾನೇ ನಗುತ್ತಿದ್ದ. ಆದರೆ ನಿಜವಾದ ಹೆಮ್ಮೆ ಇದ್ದದ್ದು ಆ ಮೂಗಿನ ಮೇಲೆ. ಅವನ ಲೆಕ್ಕ ಸರಳವಾಗಿತ್ತು. ಮುಚ್ಚಳ ತೆಗೆದು ಬಿಡಬೇಕು, ಗುಂಡಿಯ ಬಾಯಿಯ ಹತ್ತಿರವೇ ಕೂತು ಮೂರು ಸಲ ಮೂಸಬೇಕು. ಮೊದಲ ಸಲ ಹೊಡೆದ ವಾಸನೆ ಮೂರನೆಯ ಸಲಕ್ಕೆ ಇಲ್ಲವಾದರೆ ಗ್ಯಾಸ್ ಹೋಯಿತೆಂದು ಅರ್ಥ. ಅವನಿಗೆ ಕಲಿಸಿದ ಹಿರಿಯರಿಗೂ ಯಾರೋ ಹಾಗೆಯೇ ಕಲಿಸಿದ್ದರು. ಮೂಗಣ್ಣ ‘ಇಳಿ’ ಎಂದರೆ ಯಾರೂ ಮರುಮಾತಾಡುತ್ತಿರಲಿಲ್ಲ.

ಮೂರನೆಯ ಸಲ ಮೂಸಿದ. ಏನೂ ಇರಲಿಲ್ಲ.

“ಹೋಯ್ತು. ಇಳಿ.”

ಭಾಮೈದ ಕಬ್ಬಿಣದ ಮೆಟ್ಟಿಲು ಹಿಡಿದು ಇಳಿದ. ಒಂದು, ಎರಡು, ಮೂರು. ನಾಲ್ಕನೆಯ ಮೆಟ್ಟಿಲಲ್ಲಿ ಅವನ ಕೈ ತಾನಾಗಿ ಬಿಟ್ಟುಕೊಂಡಿತು. ಕೂಗಲೂ ಇಲ್ಲ, ಕೆಮ್ಮಲೂ ಇಲ್ಲ. ಹಗ್ಗ ಜಗ್ಗಿದ ರಭಸಕ್ಕೆ ಮೇಲಿದ್ದ ಇಬ್ಬರು ಮುಗ್ಗರಿಸಿದರು. ಮೂಗಣ್ಣ ಮಂಡಿನೋವು ಮರೆತು ಹಗ್ಗ ಹಿಡಿದು ಎಳೆದ. ಮೇಲೆ ಬಂದ ಭಾಮೈದನ ತುಟಿ ನೀಲಿಗಟ್ಟಿತ್ತು.

ಜೀವ ಉಳಿಯಿತು. ಎರಡು ದಿನವಾದ ಮೇಲೆ ಆಸ್ಪತ್ರೆಯ ವರಾಂಡದಲ್ಲಿ ಡಾಕ್ಟರಮ್ಮ ಮೂಗಣ್ಣನನ್ನು ಕರೆದು ಕೂರಿಸಿಕೊಂಡರು. ಹೇಗೆ ಪರೀಕ್ಷೆ ಮಾಡಿ ಇಳಿಸಿದಿರಿ ಎಂದು ಕೇಳಿದರು. ಅವನು ಮೂರು ಸಲ ಮೂಸುವ ಲೆಕ್ಕವನ್ನು ಒಪ್ಪಿಸಿದ.

ಡಾಕ್ಟರಮ್ಮ ಹೇಳಿದರು: “ಆ ಗ್ಯಾಸ್ ಜಾಸ್ತಿ ಇದ್ದಾಗ ಮೊದಲು ಮೂಗನ್ನೇ ಮಂಕು ಮಾಡುತ್ತೆ. ವಾಸನೆ ಹೋಯ್ತು ಅಂದ್ರೆ ಗ್ಯಾಸ್ ಹೋಯ್ತು ಅಂತಲ್ಲ. ನಿಮ್ಮ ಮೂಗು ಹೋಯ್ತು ಅಂತ. ಅಳೆಯೋಕೆ ಮೀಟರ್ ಇರುತ್ತಲ್ಲ, ನಿಮಗೆ ಕೊಟ್ಟಿಲ್ವಾ?”

ಕೊಟ್ಟಿದ್ದರು. ಅದು ಆಫೀಸಿನ ಅಲ್ಮೇರಾದಲ್ಲಿತ್ತು. ಬಂದ ದಿನ, ನಮ್ಮ ಮೂಗಿಗೆ ಬ್ಯಾಟರಿ ಬೇಕಾ ಎಂದು ಎಲ್ಲರನ್ನೂ ನಗಿಸಿದವನು ಅವನೇ. ಕೆಟ್ಟರೆ ಯಾರು ಉತ್ತರ ಹೇಳುವುದೆಂದು ಆಫೀಸಿನವರು ಬೀಗ ಹಾಕಿಟ್ಟರು. ಎರಡು ಕಡೆಯವರಿಗೂ ಅನುಕೂಲವೇ ಆಯಿತು.

ಮೂಗಣ್ಣನಿಗೆ ನೆನಪಾದದ್ದು ಭಾಮೈದನಲ್ಲ, ಎಂಟು ವರ್ಷದ ಹಿಂದೆ ಸತ್ತ ಜೊತೆಗಾರ ಕುಳ್ಳ. ನಗುನಗುತ್ತಾ ಇಳಿದ ಕುಳ್ಳ ಮೇಲೆ ಬರುವಾಗ ಹೆಣವಾಗಿದ್ದ. ಹೃದಯಾಘಾತ ಎಂದು ಬರೆದುಕೊಂಡರು, ಹಣೆಬರಹ ಎಂದು ಅತ್ತರು. ಅವತ್ತೂ ಮೂರು ಸಲ ಮೂಸಿ ‘ಇಳಿ’ ಎಂದವನು ಇವನೇ. ಇಷ್ಟು ವರ್ಷ ಕುಳ್ಳನ ಹೆಂಡತಿ ಎದುರು ಸಿಕ್ಕಾಗಲೆಲ್ಲ ಸಮಾಧಾನ ಹೇಳಿದ್ದ. 

ಹೆಂಡತಿ ಅವನೊಡನೆ ಮಾತು ಬಿಟ್ಟಿದ್ದಳು. ತಮ್ಮನ ಮಂಚದ ಪಕ್ಕ ಬೆನ್ನು ತಿರುಗಿಸಿಕೊಂಡು ಕೂತಿರುತ್ತಿದ್ದಳು. ಭಾಮೈದನಿಗೆ ಮಾತು ಬಂದ ದಿನ ಮೊದಲು ಹೇಳಿದ್ದು, “ಭಾವನ್ನ ಬೈಬೇಡ ಅಕ್ಕ. ಅವರು ಹೇಳಿದ್ಮೇಲೆ ಭಯ ಯಾಕೆ ಅಂತ ಇಳಿದೆ.” ಬೈದಿದ್ದರೆ ಮೂಗಣ್ಣ ತಡೆದುಕೊಳ್ಳುತ್ತಿದ್ದ.

ಅದೇ ಮಧ್ಯಾಹ್ನ ಸೂಪರ್‌ವೈಸರ್ ಬಂದ. ಕೆಟ್ಟ ಮನುಷ್ಯನೇನಲ್ಲ, ರೋಗಿಗೆ ಹಣ್ಣು ತಂದಿದ್ದ, ಹೇಗಿದ್ದೀಯ ಎಂದು ನಿಜವಾದ ಕಾಳಜಿಯಿಂದಲೇ ಕೇಳಿದ. ಆಮೇಲೆ ಮೂಗಣ್ಣನನ್ನು ವರಾಂಡಕ್ಕೆ ಕರೆದು ಒಂದು ಹಾಳೆ ಕೈಗಿಟ್ಟ. ಟೈಪ್ ಮಾಡಿದ ನಾಲ್ಕು ಸಾಲು. ಸದರಿ ನೌಕರನು ಮದ್ಯಪಾನ ಮಾಡಿ ಬಂದು, ಯಾರ ಅನುಮತಿಯೂ ಇಲ್ಲದೆ ತಾನಾಗಿಯೇ ಇಳಿದನು.

“ಅವನು ಜನ್ಮದಲ್ಲಿ ಒಂದು ತೊಟ್ಟು ಕುಡಿದವನಲ್ಲ ಸಾರ್.”

“ನನಗೂ ಗೊತ್ತು ಮೂಗಣ್ಣ. ಜೀವ ಉಳಿದಿದೆ, ಅಲ್ವಾ? ಈಗ ಉಳಿದವರನ್ನ ನೋಡಬೇಕು. ಬೀದಿಗೆ ನೀರು ನುಗ್ಗಿದ್ರೆ ಮೇಲಿನವರು ನನ್ನ ಕತ್ತು ಹಿಡೀತಾರೆ. ಮೀಟರ್ ಹಾಕಿ ಕಾದ್ರೆ ದಿನಕ್ಕೆ ಎರಡು ಗುಂಡಿನೂ ಮುಗಿಯಲ್ಲ. ಹತ್ತು ಮುಗಿಸು ಅಂತಾರೆ. ನಾನೇನು ಮಾಡ್ಲಿ?” ಆಮೇಲೆ ದನಿ ತಗ್ಗಿಸಿದ. “ಅಲ್ಲದೆ ಇಳಿ ಅಂದವರು ನೀವು. ಅದು ಹೊರಗೆ ಬಂದ್ರೆ ಮೊದಲು ನಿಮ್ಮ ತಲೆಗೇ ಬರೋದು. ಪೆನ್ಷನ್‌ಗೆ ಇನ್ನೆರಡೇ ವರ್ಷ. ಒಂದು ಸಹಿ ಹಾಕಿ, ಮರೆತುಬಿಡಿ.”

ಅವನು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಸುಳ್ಳೆಲ್ಲ ಹಾಳೆಯಲ್ಲಿತ್ತು. ಮೂಗಣ್ಣ ಪೆನ್ನು ಕೇಳಿ ಇಸಿದುಕೊಂಡ. ಹಾಳೆಯನ್ನು ಮಗುಚಿ ಹಾಕಿ, ಗೋಡೆಗೆ ಒತ್ತಿ ಹಿಡಿದು, ತನ್ನ ದಪ್ಪ ಅಕ್ಷರದಲ್ಲಿ ಹಿಂದುಗಡೆ ಬರೆಯತೊಡಗಿದ. ಅವನು ಕುಡಿದಿರಲಿಲ್ಲ. ಇಳಿ ಎಂದವನು ನಾನು. ಕುಳ್ಳನಿಗೂ ಇಳಿ ಎಂದವನು ನಾನೇ, ಅದು ಹೃದಯಾಘಾತ ಅಲ್ಲ. ನನ್ನ ಮೂಗು ಪರೀಕ್ಷೆ ಅಲ್ಲ. ಮೀಟರ್ ಅಲ್ಮೇರಾದಲ್ಲಿದೆ. ಅದಿಲ್ಲದೆ ಇನ್ನು ಯಾರನ್ನೂ ಇಳಿಸಬಾರದು. ಕೆಳಗೆ ಸಹಿ ಹಾಕಿದ.

“ಇದನ್ನ ಮೇಲೆ ಕಳಿಸಿದ್ರೆ ನಾಳೆಯಿಂದ ನೀವು ಮನೇಲಿ ಇರಬೇಕಾಗುತ್ತೆ,” ಎಂದ ಸೂಪರ್‌ವೈಸರ್.

“ಕಳಿಸಿ ಸಾರ್. ನೀವು ಕಳಿಸದಿದ್ರೆ ನಾನೇ ಇನ್ನೊಂದು ಬರೆದು ಕಳಿಸ್ತೀನಿ.”

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಸೂಪರ್‌ವೈಸರ್ ಹೋದ ಮೇಲೆ ನಾಲ್ಕು ದಿನದಲ್ಲಿ ಮೊದಲ ಸಲ ಬಾಯಿ ತೆರೆದಳು. “ಕೆಲಸ ಹೋದ್ರೆ ಹೋಗ್ಲಿ ರೀ. ನಾನಿನ್ನೂ ನಿಮ್ಮನ್ನ ಕ್ಷಮಿಸಿಲ್ಲ. ಆದ್ರೆ ಇನ್ನೊಬ್ಬಳ ತಮ್ಮನ್ನ ಇಳಿಸಬೇಡಿ.”

ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಕೂಡದೆಂದು ಪತ್ರ ಬಂತು. ಮನೆಯಲ್ಲಿ ಕೂತವನಿಗೆ ಆರನೆಯ ದಿನ ಸುದ್ದಿ ಮುಟ್ಟಿತು: ಹೊಲಿಗೆ ಅಂಗಡಿಯ ಬೀದಿ ಮತ್ತೆ ಕಟ್ಟಿಕೊಂಡಿದೆ, ದಿನಗೂಲಿಗೆ ಯಾರನ್ನೋ ಕರೆತಂದಿದ್ದಾರೆ. ಮೂಗಣ್ಣ ಚಪ್ಪಲಿ ಮೆಟ್ಟಿಕೊಂಡು ಕುಂಟುತ್ತಲೇ ಹೊರಟ.

ಅವನು ತಲುಪುವಾಗ ಮುಚ್ಚಳಕ್ಕೆ ಹಾರೆ ಹಾಕುತ್ತಿದ್ದರು. ಹೊಸಬ ಸೊಂಟಕ್ಕೆ ಹಗ್ಗ ಸುತ್ತಿಕೊಳ್ಳುತ್ತಿದ್ದ. ಮೂವತ್ತರ ಗಟ್ಟಿಮುಟ್ಟು ಆಳು. ಮೂಗಣ್ಣ ಯಾರನ್ನೂ ಕೇಳಲಿಲ್ಲ. ನೇರವಾಗಿ ನಡೆದು ಹೋಗಿ ಮುಚ್ಚಳದ ಮೇಲೆ ಕೂತುಬಿಟ್ಟ. ಹಾರೆ ಹಿಡಿದವನು ಕೈ ಹಿಂದಕ್ಕೆಳೆದುಕೊಂಡ.

“ಏನಿದು ಮೂಗಣ್ಣ? ಏಳಿ ಮೇಲೆ,” ಎಂದ ಸೂಪರ್‌ವೈಸರ್.

“ಮೀಟರ್ ಬರ್ಲಿ, ಏಳ್ತೀನಿ.”

“ನಿಮಗೆ ಇಲ್ಲಿ ಕೆಲಸವೇ ಇಲ್ಲ ಈಗ.”

“ಕೆಲಸ ಇಲ್ಲ, ಅದಕ್ಕೇ ಪುರುಸೊತ್ತಿದೆ. ಕೂತಿರ್ತೀನಿ.”

ಹೊಲಿಗೆ ಅಂಗಡಿಯಾಕೆ ಹೊರಗೆ ಬಂದು ಸೊಂಟಕ್ಕೆ ಕೈಯಿಟ್ಟಳು. “ನಿಮ್ಮ ನಿಮ್ಮ ಜಗಳ ಆಫೀಸಲ್ಲಿ ಆಡ್ಕೊಳ್ಳಿ. ನನ್ನ ಹೊಟ್ಟೆಪಾಡು ನೀರಲ್ಲಿ ತೇಲ್ತಿದೆ.”

“ನಿಮ್ಮ ಬಟ್ಟೆ ಒಗೆದ್ರೆ ನಾತ ಹೋಗುತ್ತೆ ತಾಯಿ. ಇವನ ಹೆಂಡತಿಗೆ ನೀವೇನು ಹೇಳ್ತೀರಿ? ಮೊನ್ನೆ ನಿಮ್ಮ ಕಣ್ಣೆದುರೇ ನಾವು ನೀಲಿ ತುಟಿಯವನನ್ನ ಮೇಲಕ್ಕೆಳೆದುಹಾಕಿದ್ವಿ.”

ಆಕೆ ಸೊಂಟದ ಮೇಲಿನ ಕೈ ಇಳಿಸಿದಳು. ಆಚೀಚೆ ಅಂಗಡಿಯವರು ಒಬ್ಬೊಬ್ಬರಾಗಿ ಹೊರಗೆ ಬಂದು ನಿಂತರು. ಸೂಪರ್‌ವೈಸರ್ ಬೆವರೊರೆಸಿಕೊಂಡು, ರಾಜಿಯ ದನಿಯಲ್ಲಿ, “ಹೋಗ್ಲಿ, ಒಂದು ಕೆಲಸ ಮಾಡಿ. ಮುಚ್ಚಳ ತೆಗೀತೀವಿ, ನೀವೇ ಒಂದ್ಸಲ ಮೂಸಿ ಹೇಳಿ. ನೀವು ಹೇಳಿದ್ರೆ ಮಾತ್ರ ಇಳಿಸೋದು. ಸರೀನಾ?” ಎಂದ.

ಹೊಸಬನ ಮುಖ ಅರಳಿತು. “ಹೌದಣ್ಣ, ನಿಮ್ಮ ಹೆಸರು ನಾನೂ ಕೇಳಿದ್ದೀನಿ. ಮೂಗಣ್ಣ ಇಳಿ ಅಂದ್ರೆ ನಾನು ಕಣ್ಣು ಮುಚ್ಕೊಂಡು ಇಳೀತೀನಿ.”

ಇಪ್ಪತ್ತೇಳು ವರ್ಷ ಈ ಮಾತಿಗಾಗಿಯೇ ಅವನು ಬದುಕಿದ್ದ. ಜನ ಪಕ್ಕಕ್ಕೆ ಸರಿದು ಕೂತರೂ, ನೆಂಟರು ಮನೆಗೆ ಬರುವುದನ್ನು ಬಿಟ್ಟರೂ, ಈ ಒಂದು ಮಾತು ಅವನ ತಲೆ ಎತ್ತಿ ನಿಲ್ಲಿಸಿತ್ತು. ಈಗ ಅದನ್ನು ಕೈಯಾರೆ ಕಿತ್ತು ಹಾಕಬೇಕಾಗಿತ್ತು. ಬೀದಿಯವರಿಗೆಲ್ಲ ಕೇಳಿಸಲಿ ಎಂದು ಗಟ್ಟಿಯಾಗಿಯೇ ಹೇಳಿದ.

“ನನ್ನ ಮೂಗು ನಂಬಬೇಡ ಕಣಪ್ಪಾ. ಈ ಮೂಗು ಒಬ್ಬನ್ನ ಕೊಂದಿದೆ, ಇನ್ನೊಬ್ಬನ್ನ ಅರ್ಧ ಕೊಂದಿದೆ. ವಾಸನೆ ಇಲ್ಲ ಅಂದಾಗಲೇ ಕೆಳಗೆ ಸಾವು ಕೂತಿರೋದು. ನಾನು ಹೇಳಿದ್ರೂ ಇಳೀಬೇಡ. ನನ್ನ ಅಪ್ಪ ಎದ್ದು ಬಂದು ಹೇಳಿದ್ರೂ ಇಳೀಬೇಡ.”

ಹೊಸಬ ಮುಚ್ಚಳವನ್ನೊಮ್ಮೆ, ಸೂಪರ್‌ವೈಸರನ್ನೊಮ್ಮೆ ನೋಡಿದ. “ಸಾರ್, ಮೀಟರ್ ಅಂತ ಒಂದು ಇದ್ಯಾ ನಿಜವಾಗ್ಲೂ?”

ಸೂಪರ್‌ವೈಸರ್ ನಾಲ್ಕು ಹೆಜ್ಜೆ ಆಚೆ ಹೋಗಿ ಫೋನು ಹಚ್ಚಿದ. ಬೀಗದಕೈ ಯಾರ ಹತ್ತಿರವಿದೆ ಎಂದು ಕೇಳಿದ, ಇನ್ನೊಬ್ಬರಿಗೆ ಹಚ್ಚಿದ, ಕೊನೆಗೆ ಕಿರುಚಿದ: “ಸಿಗದಿದ್ರೆ ಒಡೀರಿ! ನಾನು ಹೇಳ್ದೆ ಅಂತ ಬರ್ಕೊಳ್ಳಿ, ಒಡೀರಿ!” ಫೋನಿಟ್ಟು ಮೂಗಣ್ಣನ ಕಡೆ ತಿರುಗಿದ. “ತರೋಕೆ ಎರಡು ಗಂಟೆಯಾದ್ರೂ ಬೇಕು. ಅಲ್ಲೀವರೆಗೆ ಇಲ್ಲೇ ಕೂತಿರ್ತೀರಾ?”

“ಕೂತಿರ್ತೀನಿ.”

ಹೊಸಬ ಸೊಂಟದ ಹಗ್ಗ ಬಿಚ್ಚಿ ನೆಲಕ್ಕೆ ಹಾಕಿದ. ಆಮೇಲೆ ಮೂಗಣ್ಣನ ಹತ್ತಿರ ಬಂದು, “ಒಂಚೂರು ಸರೀರಿ ಅಣ್ಣ,” ಎಂದು ಆ ಕಬ್ಬಿಣದ ಮುಚ್ಚಳದ ಮೇಲೆ ಅವನ ಪಕ್ಕದಲ್ಲೇ ಕೂತ.