ವ್ರಾನೋವಾಳ ಕಾಲಬುಡದಲ್ಲಿ

ಲೆಯೊಪೊಲ್ದಾ ವ್ರಾನೋವಾ ಸತ್ತು ಹದಿನಾಲ್ಕು ವರ್ಷವಾದ ಮೇಲೆ, ಅವಳ ಬದುಕನ್ನು ಸಿನಿಮಾ ಮಾಡಲು ಪ್ರಾಗ್‌ನಿಂದ ಜನ ಬಂದರು. ನಮ್ಮ ಒಲೊಮೌಟ್ಸ್ ಊರು ಕಂಡ ಮಹಾ ಒಪೆರಾ ಗಾಯಕಿ, ನಿಜ. ಆದರೆ ಚಿತ್ರಕಥೆಯಲ್ಲಿ 'ಒಂದು ಸಾಲನ್ನೂ ಮರೆಯದ ದೇವತೆ' ಎಂದು ಬರೆದಿದ್ದು ಕಂಡು ನನಗೆ ಮೈಯೆಲ್ಲ ಉರಿಯಿತು. ದೇವತೆಗೆ ಮನೆಯ ವಿಳಾಸವೇ ನೆನಪಿರುತ್ತಿರಲಿಲ್ಲ. ವೇದಿಕೆಯ ಅಂಚಿನ, ಪ್ರೇಕ್ಷಕರಿಗೆ ಕಾಣದ ಗುಂಡಿಯಲ್ಲಿ ಇಪ್ಪತ್ತಾರು ವರ್ಷ ಕೂತು, ಪ್ರತಿ ಸಾಲಿನ ಮೊದಲ ಪದವನ್ನು ಪಿಸುಗುಟ್ಟಿ ಎತ್ತಿಕೊಟ್ಟವಳು ಈ ಹೆರ್ಮಿನಾ, ಅಂದರೆ ನಾನು. ಬೆಳ್ಳುಳ್ಳಿ ಸೂಪು ಕುಡಿಯದೆ ವ್ರಾನೋವಾಳಿಗೆ ಸ್ವರ ಏಳುತ್ತಿರಲಿಲ್ಲ. ಚಪ್ಪಾಳೆ ಅವಳಿಗೆ, ವಾಸನೆ ನನಗೆ.

ನಿರ್ದೇಶಕ ರಾದೋವನ್‌ನನ್ನು ಹಿಡಿದು ಕೇಳಿದೆ. "ಒಂದೇ ಒಂದ್ಸಲ ಆ ಗುಂಡಿ ತೋರ್ಸಪ್ಪ."

"ಮೇಡಂ, ಜನ ಬರೋದು ಅವರನ್ನ ನೋಡೋಕೆ, ಗುಂಡಿ ನೋಡೋಕಲ್ಲ."

"ಅವಳ ಹಾಡಿನ ಹಳೇ ಟೇಪು ಕೇಳು. ನನ್ನ ಪಿಸುಮಾತು ಅದರಲ್ಲೇ ಇದೆ."

ಕೇಳಿದ. ಇತ್ತು. ಧ್ವನಿ ನೋಡಿಕೊಳ್ಳುವವನ ಕಡೆ ತಿರುಗಿ, "ಆ ಕಿರಿಕಿರಿ ತೆಗೆದು ಹಾಕು" ಎಂದ.

ಇಪ್ಪತ್ತಾರು ವರ್ಷದ ದುಡಿಮೆ ಕಿರಿಕಿರಿಯಾಯಿತು. ಕ್ಯಾಂಟೀನಿಗೆ ಹೋಗಿ ಒಂದು ಬಿಯರ್ ತರಿಸಿಕೊಂಡು ಅತ್ತೆ. ನಾಚಿಕೆಯೇನಿಲ್ಲ, ಚೆನ್ನಾಗಿಯೇ ಅತ್ತೆ.

ಮರುದಿನ ಬೆಳಿಗ್ಗೆ ನಮ್ಮ ಹಳೇ ರಂಗಮಂದಿರದಲ್ಲೇ ಚಿತ್ರೀಕರಣ. ಟೇಪಿನ ಹಾಡಿಗೆ ವ್ರಾನೋವಾ ಪಾತ್ರದ ನಟಿ ಕಾಮಿಲಾ ಬಾಯಿ ಆಡಿಸಬೇಕು. ಏಳು ಸಲ ಆಡಿಸಿದಳು, ಏಳು ಸಲವೂ ತಡ. ಕೊನೆಗೆ ಸೋತು ಕೂತಳು. "ಮೊದಲು ಟೇಪಲ್ಲಿ ಪ್ರತಿ ಸಾಲಿಗೂ ಮುಂಚೆ ಒಂದು ಪಿಸುಮಾತು ಬರ್ತಿತ್ತು ಸರ್. ಅದನ್ನ ಕೇಳ್ಕೊಂಡೇ ಎರಡು ತಿಂಗಳು ಅಭ್ಯಾಸ ಮಾಡಿದ್ದೆ. ಈಗ ಯಾವಾಗ ಬಾಯಿ ತೆಗೀಬೇಕೋ ಗೊತ್ತಾಗ್ತಿಲ್ಲ."

ರಾದೋವನ್ ಬೆಕ್ಕಿನ ಹೆಜ್ಜೆ ಹಾಕುತ್ತ ನನ್ನ ಬಳಿ ಬಂದ. "ಮೇಡಂ, ಸ್ವಲ್ಪ ಗುಂಡೀಲಿ ಕೂತ್ಕೊಳ್ತೀರಾ? ಕ್ಯಾಮೆರಾಕ್ಕೆ ಕಾಣೋದಿಲ್ಲ."

"ಕಾಣದೆ ಇರೋದು ನನಗೇನು ಹೊಸದಲ್ಲ ಬಿಡು," ಎಂದು ಮಂಡಿ ಹಿಡಿದುಕೊಂಡು ಇಳಿದೆ.

ಎರಡು ಸಾಲು ಸರಾಗವಾಗಿ ಹೋದವು. ಮೂರನೆಯದಕ್ಕೆ ಹುಡುಗಿ ತಡವರಿಸಿ, ತಲೆ ತಗ್ಗಿಸಿ ನನ್ನನ್ನು ನೋಡಿದಳು. ಮುಳುಗುವವಳು ದಡ ಹುಡುಕುವ ನೋಟ ಅದು. ಥೇಟ್ ವ್ರಾನೋವಾಳದ್ದೇ. ಆ ಹೆಂಗಸನ್ನು ಬದುಕಿಡೀ ಬೈದುಕೊಂಡೇ ಬಂದವಳು ನಾನು. ಆ ಗಳಿಗೆಯಲ್ಲಿ ಅವಳು ಇನ್ನೂ ಇರಬೇಕಿತ್ತು ಅನ್ನಿಸಿತು. ಪದ ಎತ್ತಿಕೊಟ್ಟೆ.

"ಕಟ್," ಎಂದ ರಾದೋವನ್ ಕಣ್ಣು ಒರೆಸಿಕೊಂಡ. "ಈ ನೋಟ ಸಿನಿಮಾದಲ್ಲಿ ಇರಲೇಬೇಕು. ದೇವರನ್ನೇ ಕಂಡ ಹಾಗಿತ್ತು."

"ದೇವರು ಮೇಲಿರ್ತಾನಂತೆ ಕಣಪ್ಪ," ಗುಂಡಿಯಿಂದಲೇ ಹೇಳಿದೆ. "ಅವಳು ನೋಡಿದ್ದು ಕೆಳಗೆ."